ಹದಿಮೂರು ಗಾಯ, ಒಂದು ಕಮ್ಯುನಿಸ್ಟ್ ಸೊಪ್ಪು

ನನ್ನ ಬಾಯಿ ಜೋರು ಎಂದು ಪುತ್ತೂರಿನಲ್ಲಿ ಹೆಸರು. ಇದ್ದರೆ ಇರಲಿ. ಗಾಯ ಕಟ್ಟುವವಳ ಬಾಯಿ ಮೆತ್ತಗಿದ್ದರೆ ಕಟ್ಟಿಸಿಕೊಳ್ಳುವವರು ತಲೆಯ ಮೇಲೆ ಕೂರುತ್ತಾರೆ. ಅರವತ್ತರ ದಶಕದ ಮೊದಲ ವರ್ಷಗಳ ಮಾತು ಇದು. ಎಂಟು ಹಾಸಿಗೆಯ ಆ ಸಣ್ಣ ಆಸ್ಪತ್ರೆಯಲ್ಲಿ ಡಾಕ್ಟರರು ಒಬ್ಬರು, ನರ್ಸು ಎಂದು ನಾನೊಬ್ಬಳು, ಮತ್ತೆ ಒಬ್ಬಳು ಆಯಾ. ಬಂದವರಿಗೆ ಬೈಯುವ ಕೆಲಸವನ್ನು ಮೂವರೂ ಹಂಚಿಕೊಂಡಿದ್ದೆವು. ಹೆಸರು ಬಂದದ್ದು ಮಾತ್ರ ನನಗೆ.

ಬೈಯದೆ ಇರುವುದಾದರೂ ಹೇಗೆ? ಆಗ ಗಾಯ ಎಂಬುದು ಬರಿಯ ಗಾಯವಾಗಿ ಆಸ್ಪತ್ರೆಗೆ ಬರುತ್ತಲೇ ಇರಲಿಲ್ಲ. ಅದರ ಮೇಲೆ ಸುಣ್ಣ ಇರುತ್ತಿತ್ತು, ಕಾಫಿ ಪುಡಿ ಇರುತ್ತಿತ್ತು, ಜೇಡರ ಬಲೆ ಇರುತ್ತಿತ್ತು, ಅಗಿದ ಹೊಗೆಸೊಪ್ಪು ಇರುತ್ತಿತ್ತು. ಉಪ್ಪಿನಂಗಡಿಯಿಂದ ಬಂದ ಒಬ್ಬರ ಮೊಣಕಾಲಿನಲ್ಲಿ ಈ ನಾಲ್ಕೂ ಇದ್ದವು. ಯಾಕೆ ಹೀಗೆ ಎಂದು ಕೇಳಿದರೆ, ನಾಲ್ಕು ಜನ ನಾಲ್ಕು ಹೇಳಿದರು, ಯಾರಿಗೂ ಬೇಜಾರಾಗುವುದು ಬೇಡ ಎಂದು ಎಲ್ಲವನ್ನೂ ಹಾಕಿಸಿಕೊಂಡೆ ಎಂದರು. ಅದರೊಳಗೆ ಗಾಯ ಎಲ್ಲಿದೆ ಎಂದು ಹುಡುಕುವುದಕ್ಕೇ ನನಗೆ ಅರ್ಧ ಗಂಟೆ ಹಿಡಿಯಿತು.

ಇವೆಲ್ಲವನ್ನೂ ಮೀರಿದ್ದು ಕಮ್ಯುನಿಸ್ಟ್. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅದು ಒಂದು ಗಿಡ. ಬೇಲಿ, ಗುಡ್ಡೆ, ರಸ್ತೆಬದಿ ಎನ್ನದೆ ಎದೆಯೆತ್ತರ ಪೊದೆಯಾಗಿ ಬೆಳೆಯುವ ಕಳೆ. ಎಲೆ ತಿಕ್ಕಿದರೆ ಘಾಟು ವಾಸನೆ. ಕೇರಳದ ಕಡೆಯಿಂದ ಬಂತು ಎನ್ನುತ್ತಿದ್ದರು. ಅಲ್ಲಿ ಆ ಪಕ್ಷದ ಸರ್ಕಾರ ಬಂದ ಹೊತ್ತಿಗೇ ಇಲ್ಲಿಗೆ ಈ ಗಿಡವೂ ಬಂದದ್ದರಿಂದ ಯಾರೋ ಕುಶಾಲಿಗೆ ಆ ಹೆಸರಿಟ್ಟರು, ಹೆಸರು ನಿಂತಿತು. ಎಳೆಯ ಎಲೆ ನಾಲ್ಕು ಅಂಗೈಯಲ್ಲಿ ತಿಕ್ಕಿ ರಸ ಹಿಂಡಿದರೆ ಹರಿಯುವ ರಕ್ತ ನಿಲ್ಲುತ್ತದೆ. ನಾನೇ ಕಣ್ಣಾರೆ ಕಂಡವಳು. ಹಾಗಾಗಿ ನಮ್ಮಲ್ಲಿ ಗಾಯಕ್ಕೆ ಎಂತ ಹಾಕಿದ್ದು ಎಂದು ಕೇಳಿದರೆ ಕಮ್ಯುನಿಸ್ಟ್ ಎಂದು ಬಿಡುವುದು ಮಾಮೂಲು. ಸೊಪ್ಪು ಎಂದು ಯಾರೂ ಸೇರಿಸುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಡಾಕ್ಟರರಿಗೆ ಒಂದು ಸುತ್ತೋಲೆ ಬಂತು. ಮದ್ರಾಸಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜರಿಯ ವಾರ್ಡು ಇದೆ, ಸುಟ್ಟ ಗಾಯ, ಚರ್ಮದ ಕಸಿ, ಗಾಯ ಮಾಯುವ ಬಗೆ ಇವುಗಳ ಮೇಲೆ ಸಂಶೋಧನೆ ನಡೆಯುತ್ತಿದೆ, ಒಂದು ವರ್ಷದ ತರಬೇತಿಗೆ ನರ್ಸುಗಳೂ ಅರ್ಜಿ ಹಾಕಬಹುದು ಎಂದು ಅದರಲ್ಲಿತ್ತು. ಅರ್ಜಿಯ ಜೊತೆ ಹನ್ನೆರಡು ಗಾಯಗಳ ದಾಖಲೆ ಕಳಿಸಬೇಕು. ಮೊದಲ ದಿನದಿಂದ ಮಾಯುವ ತನಕ ಅಳತೆ ಬೇಕು. ಹಾಕಿದ್ದು ಏನು, ಕಟ್ಟಿದವರು ಯಾರು, ಆ ಅಂಗವನ್ನು ಹೇಗೆ ಇರಿಸಿದ್ದರು ಎಂಬ ಮೂರನ್ನೂ ಬರೆಯಬೇಕು. ಕಂಡದ್ದನ್ನು ಕಂಡ ಹಾಗೆ ಬರೆಯಿರಿ ಎಂಬ ಮಾತಿನ ಕೆಳಗೆ ಗೆರೆ ಎಳೆದಿತ್ತು. ಡಾಕ್ಟರರು ಆ ಕಾಗದದಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು. ನಾನು ಅವರ ಕೈಯಿಂದಲೇ ಕಸಿದುಕೊಂಡೆ.

ಕಾರಣವಿತ್ತು. ಸುಳ್ಯದಾಚೆಯ ನಮ್ಮ ಮನೆಯಲ್ಲಿ ನನಗಿಂತ ಎಂಟು ವರ್ಷ ಚಿಕ್ಕವಳಾದ ತಂಗಿ ಇದ್ದಳು. ಅವಳ ಎಡಗೈ ಮೊಣಕೈಯಲ್ಲಿ ಮಡಚಿದ್ದು ಮಡಚಿದ ಹಾಗೇ ಇತ್ತು. ಅವಳಿಗೆ ಐದು ವರ್ಷವಾಗಿದ್ದಾಗ ಅಂಗಳದಲ್ಲಿ ಭತ್ತ ಬೇಯಿಸುವ ಹಂಡೆಯ ಕುದಿನೀರು ಕೈಮೇಲೆ ಬಿತ್ತು. ಒಲೆಯ ಹತ್ತಿರ ಇರಬೇಕಾದವಳು ನಾನು. ಅಂಗಳದ ಮೂಲೆಯಲ್ಲಿ ಗೇರುಬೀಜ ಸುಡುತ್ತಾ ಕೂತಿದ್ದೆ. ಅಜ್ಜಿ ಬಾಳೆಯ ಎಳೆ ಎಲೆ ಇಡಿಸಿದರು. ಶಾಲೆಯ ಮಾಸ್ಟ್ರು ಒಂದು ಕುಪ್ಪಿ ಶಾಯಿ ಕಳಿಸಿದರು, ಅದನ್ನೂ ಹಚ್ಚಿದೆವು. ಅಮ್ಮನಿಗೆ ಆಗ ಬಾಣಂತನ. ದಿನವೂ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಕೈ ನೇರ ಮಾಡಿದರೆ ತಂಗಿ ಕಿರುಚುತ್ತಿದ್ದಳು. ಮನೆಯಲ್ಲಿ ನಾವು ಸುಳ್ಯದ ಕಡೆಯ ಆಡುಮಾತಾದ ಅರೆಭಾಷೆ ಆಡುವವರು. ಅವಳು ಹೇಳುತ್ತಿದ್ದುದನ್ನು ಕನ್ನಡದಲ್ಲಿ ಬರೆದರೆ ಇಷ್ಟೇ.

"ಸ್ವಲ್ಪ ಮಡಚು ಅಕ್ಕ."

ಮಡಚಿದರೆ ಅಳು ನಿಲ್ಲುತ್ತಿತ್ತು. ಹಾಗಾಗಿ ಮಡಚಿ, ಎದೆಗೆ ಒತ್ತಿ ಕಟ್ಟುತ್ತಿದ್ದೆ. ಎರಡು ತಿಂಗಳಲ್ಲಿ ಗಾಯ ಮಾಯಿತು. ಹುಡುಗಿಯ ಕೈಗುಣ ನೋಡಿ ಎಂದು ಊರಿಡೀ ನನ್ನನ್ನು ಹೊಗಳಿತು. ಆ ಹೊಗಳಿಕೆ ಕೇಳಿಯೇ ನಾನು ನರ್ಸಾದದ್ದು.

ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ. ಅದು ಕುದಿನೀರಿನ ದೋಷ ಎಂದೇ ನಾನು ನಂಬಿಕೊಂಡಿದ್ದೆ. ಪುತ್ತೂರಿಗೆ ಬಂದ ಮೇಲೆ ಒಂದು ದಿನ, ಸುಟ್ಟ ಕೈಯ ಹೆಂಗಸೊಬ್ಬರಿಗೆ ಹಲಗೆ ಇಟ್ಟು ಕಟ್ಟಿಸುತ್ತಾ ಡಾಕ್ಟರರು ಹೇಳಿದರು: ಸುಟ್ಟ ಕೀಲಿಗೆ ಮಡಚಿದರೆ ಸುಖ, ಅದಕ್ಕೇ ಮಡಚಬಾರದು, ಮಡಚಿದಲ್ಲೇ ಗಾಯ ಮಾಯಿತೋ ಹಾಗೆಯೇ ಅಂಟಿಕೊಳ್ಳುತ್ತದೆ. ನನ್ನ ಕೈಯಲ್ಲಿದ್ದ ಬಟ್ಟೆಯ ಸುರುಳಿ ಕೆಳಗೆ ಬಿತ್ತು. ಹಾಳು ಮಾಡಿದ್ದಕ್ಕೆ ಬೈಸಿಕೊಂಡೆ. ತಂಗಿಯ ಕೈಯನ್ನು ಕೆಡಿಸಿದ್ದು ಹಂಡೆಯಲ್ಲ, ನಾನು.

ತಂಗಿಗೆ ಅದರ ಚಿಂತೆ ಇದ್ದ ಹಾಗೆ ಕಾಣುತ್ತಿರಲಿಲ್ಲ. ಮಡಚಿದ ಕೈಯ ಸಂದಿಗೆ ಕೊಡಪಾನ ಅಚ್ಚು ಹೊಯ್ದ ಹಾಗೆ ಕೂರುತ್ತಿತ್ತು. ಮಳೆಗಾಲದಲ್ಲಿ ಕೊಡೆ ಸಿಕ್ಕಿಸಿಕೊಂಡು ಎರಡು ಮೈಲಿ ನಡೆದರೂ ಅವಳಿಗೆ ಕೈ ಸೋಲುತ್ತಿರಲಿಲ್ಲ. ತಪ್ಪಿಸಿಕೊಂಡ ಕೋಳಿಯನ್ನು ಹಿಡಿದು ಆ ಸಂದಿಗೆ ಒತ್ತಿದಳೆಂದರೆ ಮುಗಿಯಿತು. ಒಂದೇ ಒಂದು ಆಗುತ್ತಿರಲಿಲ್ಲ, ಜಡೆ. ಹದಿನೇಳು ವರ್ಷದ ಹುಡುಗಿ ದಿನಾ ಬೆಳಿಗ್ಗೆ ಅಮ್ಮನ ಮುಂದೆ ಬೆನ್ನು ಹಾಕಿ ಕೂರಬೇಕಿತ್ತು. ಅಮ್ಮ ಎಣ್ಣೆ ಸುರಿದು ಎಳೆದೆಳೆದು ಹೆಣೆಯುತ್ತಿದ್ದರು; ಅವಳು ಗೋಡೆ ನೋಡುತ್ತಾ ಕೂರುತ್ತಿದ್ದಳು. ಆ ಹೊತ್ತು ಮಾತ್ರ ಅವಳು ಏನೂ ತಮಾಷೆ ಮಾಡುತ್ತಿರಲಿಲ್ಲ.

ಆ ವಾರ್ಡಿಗೆ ಸೇರಿದರೆ ಕೈ ಬಿಡಿಸುವುದನ್ನು ಕಲಿತವರ ನಡುವೆ ಇರುತ್ತೇನೆ, ಹೇಗಾದರೂ ಮಾಡಿ ತಂಗಿಯನ್ನು ಅಲ್ಲಿಗೆ ಕರೆಸಿಕೊಳ್ಳುತ್ತೇನೆ. ನನ್ನ ಲೆಕ್ಕಾಚಾರ ಇಷ್ಟೇ. ಮನೆಗೆ ಹೋಗಿ ಹೇಳಿದೆ. ಪ್ಲಾಸ್ಟಿಕ್ ಎಂದದ್ದೇ ತಪ್ಪಾಯಿತು. ಪುತ್ತೂರಿನ ಅಂಗಡಿಗಳಿಗೆ ಪ್ಲಾಸ್ಟಿಕ್ ಬಕೆಟು ಆಗಷ್ಟೇ ಬರತೊಡಗಿತ್ತು, ಅಮ್ಮ ಅದನ್ನು ಮುಟ್ಟಿ ನೋಡಿ ಬಂದಿದ್ದರು. ಬಹಳ ಹೊತ್ತು ಯೋಚಿಸಿ ಕೇಳಿದರು:

"ಒಲೆಯ ಹತ್ರ ಹೋದ್ರೆ ಕರಗುದಿಲ್ವಾ?"

ತಂಗಿ ತನಗೆ ಹಸಿರು ಬಣ್ಣದ್ದೇ ಆಗಬೇಕು ಎಂದಳು. ಇಬ್ಬರಿಗೂ ಬೈದು ಬಸ್ಸು ಹತ್ತಿದೆ.

ಇನ್ನು ಗಾಯ ಒಟ್ಟು ಮಾಡುವ ಕೆಲಸ. ಹಳೆಯ ಎಕ್ಸ್‌ರೇ ಫಿಲ್ಮುಗಳನ್ನು ತಿಕ್ಕಿ ತೊಳೆದು ಸ್ಪಿರಿಟ್ಟಿನಲ್ಲಿ ಒರೆಸಿ ಗಾಯದ ಮೇಲೆ ಹಿಡಿದು ಅಂಚು ಎಳೆಯುವುದು, ಅದನ್ನು ಹೈಸ್ಕೂಲಿನ ಲೆಕ್ಕದ ಮಾಸ್ಟ್ರು ಕೊಟ್ಟ ಚೌಕುಳಿ ಕಾಗದದ ಮೇಲಿಟ್ಟು ಚೌಕ ಎಣಿಸುವುದು. ಒಂದೇ ವಾರದಲ್ಲಿ ಇದು ಊರಿಗೆಲ್ಲ ಗೊತ್ತಾಯಿತು. ಗಾಯದವರು ಹೊತ್ತಿಗೆ ಮುಂಚೆ ಬಂದು ಬೆಂಚಿನಲ್ಲಿ ಕೂರತೊಡಗಿದರು. ಕೋಡಿಂಬಾಳದಿಂದ ಬರುತ್ತಿದ್ದ ಒಬ್ಬ ರಬ್ಬರ್ ಟ್ಯಾಪಿಂಗಿನವರಿಗೂ, ಮೆಟ್ಟುಕತ್ತಿಯಲ್ಲಿ ಹಲಸಿನಕಾಯಿ ಹೆಚ್ಚುವಾಗ ಅಂಗೈ ಕೊಯ್ದುಕೊಂಡ ಒಬ್ಬರು ಹೆಂಗಸಿಗೂ ಪಂದ್ಯವೇ ಬಿತ್ತು. ಇವತ್ತು ನಂದು ಏಳು ಚೌಕ ಕಡಿಮೆ ಎಂದು ಇವರು, ನಿಮ್ಮದು ಮೊದಲೇ ಸಣ್ಣ ಗಾಯ ಎಂದು ಅವರು. ಹೆಂಗಸಿನ ಗಾಯ ಮೊದಲು ಮಾಯಿತು. ಟ್ಯಾಪಿಂಗಿನವರು ಆ ದಿನ, ನಾನು ಚೌಕ ಎಣಿಸುವಾಗ ಪಕ್ಷಪಾತ ಮಾಡಿದೆ ಎಂದು ಆಯಾಳ ಹತ್ತಿರ ದೂರು ಕೊಟ್ಟು ಹೋದರು.

ಒಬ್ಬರಂತೂ ಮೀನಖಂಡದಲ್ಲಿ ಉದ್ದದ ಗಾಯ ಮಾಡಿಕೊಂಡು ಬಂದು, ಬಚ್ಚಲಲ್ಲಿ ಜಾರಿ ಬಿದ್ದೆ ಎಂದರು. ತೊಳೆಯುವಾಗ ಗಾಯದೊಳಗಿಂದ ಕೋಳಿಯ ಪುಕ್ಕ ಬಂತು. ಬಚ್ಚಲಲ್ಲಿ ಕೋಳಿ ಸಾಕುತ್ತೀರಾ ಎಂದು ಕೇಳಿದೆ. ಕೋಳಿಅಂಕದಲ್ಲಿ ಕಾದಾಡುವ ಕೋಳಿಯ ಕಾಲಿಗೆ ಕಟ್ಟಿದ ಬಾಳು ಎಂಬ ಸಣ್ಣ ಕತ್ತಿ ಕೋಳಿಯನ್ನು ಬಿಟ್ಟು ಯಜಮಾನರನ್ನೇ ಹಿಡಿದಿತ್ತು. ಕಂಡದ್ದನ್ನು ಕಂಡ ಹಾಗೆ ಎಂಬ ನಿಯಮವಿತ್ತಲ್ಲ, ಬರೆದೆ. ಹೆಂಡತಿಗೆ ಮಾತ್ರ ಹೇಳಬೇಡಿ ಎಂದು ಅವರು ಕೈ ಮುಗಿದರು.

ಹನ್ನೆರಡರಲ್ಲಿ ಒಂಬತ್ತು ಗಾಯಗಳಿಗೆ ಹಾಕಿ ಬಂದಿದ್ದು ಕಮ್ಯುನಿಸ್ಟ್. ಅರ್ಜಿ ಇಂಗ್ಲಿಷಿನಲ್ಲಿರಬೇಕಿತ್ತು. ನನ್ನ ಇಂಗ್ಲಿಷು ಆಸ್ಪತ್ರೆಯ ಇಂಗ್ಲಿಷು. ಗಿಡದ ಶಾಸ್ತ್ರೀಯ ಹೆಸರು ನನಗಾಗಲಿ ಡಾಕ್ಟರರಿಗಾಗಲಿ ಗೊತ್ತಿರಲಿಲ್ಲ. ಜನ ಹೇಳಿದ್ದನ್ನೇ ಬರೆದೆ. ಕನ್ನಡದಲ್ಲಿ ಹೇಳಿದರೆ ಹೀಗಿತ್ತು: "ಒಂದನೇ ಗಾಯ. ಸಂಪಾಜೆ ಘಾಟಿಯಲ್ಲಿ ಲಾರಿಯ ಹಿಂಬಾಗಿಲು ಬಿದ್ದು ಬೆರಳು ಜಜ್ಜಿದೆ. ಸ್ಥಳದಲ್ಲೇ ಕಮ್ಯುನಿಸ್ಟ್ ಸಿಕ್ಕಿದ್ದರಿಂದ ಹೆಚ್ಚು ರಕ್ತ ಹೋಗಲಿಲ್ಲ." "ಏಳನೇ ಗಾಯ. ಕಮ್ಯುನಿಸ್ಟ್ ಒಣಗಿ ಗಟ್ಟಿಯಾಗಿ ಅಂಟಿತ್ತು, ಬಿಸಿನೀರಿನಲ್ಲಿ ನೆನೆಸಿ ತೆಗೆಯಲಾಯಿತು." ಕೊನೆಗೆ ನನ್ನ ಅಭಿಪ್ರಾಯ ಎಂದು ಒಂದು ಸಾಲು: "ಈ ಭಾಗದಲ್ಲಿ ಬಡವರು, ಶ್ರೀಮಂತರು ಎನ್ನದೆ ಎಲ್ಲರೂ ಕಮ್ಯುನಿಸ್ಟನ್ನು ನಂಬಿದ್ದಾರೆ. ದೊಡ್ಡ ಮಟ್ಟದಲ್ಲಿ ಇದನ್ನು ಬಳಸಿ ನೋಡಬೇಕು."

ಎಲ್ಲ ಮುಗಿದ ಮೇಲೆ ಒಂದು ಹಾಳೆ ಉಳಿದಿತ್ತು. ಅದನ್ನು ನೋಡುತ್ತಾ ಕೂತೆ. ಆಮೇಲೆ ಹದಿಮೂರನೇ ಗಾಯ ಎಂದು ಬರೆದೆ. ಹಾಕಿದ್ದು: ಬಾಳೆ ಎಲೆ, ಶಾಯಿ. ಕಟ್ಟಿದವರು: ನಾನು. ಕೈ: ಮಡಚಿ. ಅಳಬಾರದೆಂದು ಮಡಚಿದೆ, ಈಗ ಬಿಡಿಸಲಾಗುವುದಿಲ್ಲ, ತಪ್ಪು ನನ್ನದು, ಏನು ಹಾಕಿದರು ಎಂಬುದಕ್ಕಿಂತ ಹೇಗೆ ಕಟ್ಟಿದರು ಎಂಬುದೇ ದೊಡ್ಡದು ಎಂದು ತಡವಾಗಿ ಗೊತ್ತಾಯಿತು ಎಂದೂ ಸೇರಿಸಿದೆ. ಡಾಕ್ಟರರು ಒಂದನ್ನೂ ಓದದೆ ಸಹಿ ಹಾಕಿದರು. ಅರ್ಜಿ ಮೇಲಿನ ಕಚೇರಿಯ ಮೂಲಕವೇ ಮದ್ರಾಸಿಗೆ ಹೋಗಬೇಕಿತ್ತು, ಆ ಕಚೇರಿಗೆ ಕಳಿಸಿದೆ.

ಅಲ್ಲಿ ಯಾರೋ ಗುಮಾಸ್ತರು ಓದಿದರು. ಚೀನಾದ ಜೊತೆಗಿನ ಗಲಾಟೆ ಮುಗಿದು ಹೆಚ್ಚು ಸಮಯ ಆಗಿರಲಿಲ್ಲ. ಕಮ್ಯುನಿಸ್ಟ್ ಎಂಬ ಪದ ಕಂಡರೆ ಕಚೇರಿಗಳಲ್ಲಿ ಎಲ್ಲರ ಕಿವಿ ನೆಟ್ಟಗಾಗುವ ಕಾಲ. ಫೈಲು ಮದ್ರಾಸಿನ ದಾರಿ ಬಿಟ್ಟು ಪೊಲೀಸರ ದಾರಿ ಹಿಡಿಯಿತು.

ನನಗೆ ಇದೊಂದೂ ಗೊತ್ತಿಲ್ಲ. ಒಂದು ಬೆಳಿಗ್ಗೆ ಪೊಲೀಸ್ ದಫೇದಾರರೊಬ್ಬರು ಬಂದು ಬೆಂಚಿನಲ್ಲಿ ಕೂತರು. ಘಟ್ಟದ ಮೇಲಿನವರು, ವರ್ಗವಾಗಿ ಬಂದು ತಿಂಗಳೂ ಆಗಿರಲಿಲ್ಲ. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಗಾಯ ತೋರಿಸಲು ಬಂದವರು ಎಂದೇ ನಾನು ತಿಳಿದೆ. ಅವರು ಪುಸ್ತಕ ಬಿಚ್ಚಿ, ಪೆನ್ಸಿಲು ನಾಲಿಗೆಗೆ ತಾಗಿಸಿ ಕೇಳಿದರು:

"ಸಿಸ್ಟರ್, ನಿಮ್ಮಲ್ಲಿ ಕಮ್ಯುನಿಸ್ಟರು ಇದ್ದಾರಂತಲ್ಲ?"

"ಇಲ್ಲದೆ ಎಂತ. ಬೇಕಾದಷ್ಟು ಉಂಟು."

ಇದ್ದಾರೆ ಎನ್ನುತ್ತಾರಲ್ಲ, ಘಟ್ಟದ ಮೇಲಿನವರು ಗಿಡಕ್ಕೂ ಮರ್ಯಾದೆ ಕೊಡುತ್ತಾರೆ ಎಂದುಕೊಂಡೆ. ನಾನು ಉಂಟು ಎಂದದ್ದನ್ನು ಅವರು ನಮ್ಮ ಕಡೆಯ ಒರಟು ಮಾತು ಎಂದುಕೊಂಡಿರಬೇಕು.

"ಎಲ್ಲಿದ್ದಾರೆ?"

"ಬಾವಿಯ ಹಿಂದೆ. ಹೋದ ವಾರ ಕತ್ತಿ ಹಾಕಿ ಕಡಿಸಿದ್ದು. ಪುನಃ ಎದ್ದು ನಿಂತಿದೆ ಮಾರಾಯ್ರೆ."

ಪೆನ್ಸಿಲು ನಿಂತಿತು. ಕಡಿದವರು ಯಾರು ಎಂದು ಬಹಳ ಮೆಲ್ಲಗೆ ಕೇಳಿದರು. ಆಯಾಳ ಗಂಡ ಎಂದೆ. ಕಡಿಸಿದವರು ಯಾರು ಎಂದರು. ಡಾಕ್ಟರರು ಎಂದೆ. ಆಮೇಲೆ ಏನು ಮಾಡಿದಿರಿ ಎಂದರು. ಒಟ್ಟು ಹಾಕಿ ಬೆಂಕಿ ಕೊಟ್ಟೆವು, ಪೂರ್ತಿ ಅಲ್ಲ, ನಾಲ್ಕು ಬುಡ ಉಳಿಸಿಕೊಂಡಿದ್ದೇವೆ, ರೋಗಿಗಳಿಗೆ ಬೇಕಾಗುತ್ತದೆ ಎಂದೆ. ಅವರ ಹಣೆಯಲ್ಲಿ ಬೆವರು ಕಂಡಿತು. ಬೆರಳಿನ ನೋವು ಜೋರಾಯಿತೇನೋ ಎಂದು ನನಗೆ ಪಾಪ ಅನ್ನಿಸಿತು.

ಆಗ ಅವರು ಚೀಲದಿಂದ ಫೈಲು ತೆಗೆದರು. ನನ್ನದೇ ಕೈಬರಹ. ಎಲ್ಲೆಲ್ಲಿ ಕಮ್ಯುನಿಸ್ಟ್ ಎಂದಿತ್ತೋ ಅಲ್ಲೆಲ್ಲ ಕೆಂಪು ಪೆನ್ಸಿಲಿನ ಗೆರೆ. ಕೊನೆಯ ಸಾಲಿಗೆ ಎರಡು ಗೆರೆ. ಅರ್ಜಿ ಇನ್ನೂ ಮದ್ರಾಸಿಗೆ ಹೋಗಿಯೇ ಇಲ್ಲ ಎಂದು ತಿಳಿದಾಗ ನನ್ನ ಪಿತ್ತ ನೆತ್ತಿಗೇರಿತು. ಅವರ ಹೆಬ್ಬೆರಳು ಹಿಡಿದು, ಇದಕ್ಕೆ ಹಾಕಿದ್ದು ಏನು ಎಂದು ಕೇಳಿದೆ. ಬಾಡಿಗೆ ಮನೆಯ ಅಮ್ಮ ಏನೋ ಸೊಪ್ಪು ಹಿಂಡಿದರು, ಒಳ್ಳೆ ಗುಣ ಕೊಟ್ಟಿತು ಎಂದರು.

"ಅದೇ ಕಮ್ಯುನಿಸ್ಟ್. ಬೆರಳಲ್ಲಿ ಕಟ್ಟಿಕೊಂಡು ಊರೆಲ್ಲ ಹುಡುಕುದು ಎಂತಕ್ಕೆ?"

ದಫೇದಾರರು ಹೌಹಾರಿ ಆ ಬಟ್ಟೆಯನ್ನು ಕಿತ್ತು ಎಸೆದರು. ಮುಚ್ಚಿದ್ದ ಗಾಯ ಬಾಯಿ ಬಿಟ್ಟು ರಕ್ತ ಸುರಿಯಿತು. ಆಯಾ ಬಾವಿಯ ಹಿಂದೆ ಓಡಿ ನಾಲ್ಕು ಎಲೆ ಕಿತ್ತು ತಂದಳು. ಬೇಡ, ಸರ್ಕಾರಿ ನೌಕರಿ ನನ್ನದು ಎಂದು ಅವರು, ಸುಮ್ಮನೆ ಕೂರಿ ಎಂದು ನಾನು. ಕೊನೆಗೆ ಹಿಂಡಿದೆವು, ರಕ್ತ ನಿಂತಿತು. ಗದ್ದಲ ಕೇಳಿ ಬಂದ ಡಾಕ್ಟರರು ಫೈಲು ಓದುತ್ತಾ ಗೋಡೆ ಹಿಡಿದುಕೊಂಡು ನಕ್ಕರು. ಕೊನೆಯ ಹಾಳೆಗೆ ಬಂದಾಗ ನಗು ನಿಂತಿತು. ನನ್ನ ಮುಖ ನೋಡಿದರು, ಫೈಲನ್ನು ದಫೇದಾರರ ಕೈಗೆ ಕೊಟ್ಟು ಒಳಗೆ ಹೋದರು.

ದಫೇದಾರರು ಒಳ್ಳೆಯ ಮನುಷ್ಯ. ಪ್ರಾಮಾಣಿಕವಾಗಿ ವರದಿ ಬರೆದರು. ಅದೇ ಎಡವಟ್ಟಾದದ್ದು. ವಿಚಾರಿಸಲಾಗಿ, ಪುತ್ತೂರಿನಿಂದ ಸಂಪಾಜೆಯ ತನಕ ರಸ್ತೆಯ ಎರಡೂ ಬದಿಗಳಲ್ಲಿ ಕಮ್ಯುನಿಸ್ಟ್ ಹಬ್ಬಿರುವುದು ಕಂಡುಬಂದಿದೆ, ಬುಡಸಮೇತ ಕೀಳುವುದು ಪೊಲೀಸರಿಂದ ಸಾಧ್ಯವಿಲ್ಲ, ಇದರಿಂದ ಸಾರ್ವಜನಿಕರಿಗೆ ಉಪಕಾರವೇ ಆಗಿದೆ, ಖುದ್ದು ನನಗೂ ಆಗಿದೆ ಎಂದು ಅದರಲ್ಲಿತ್ತು. ಪುರಾವೆಗೆಂದು ಒಂದು ಒಣಗಿದ ಟಿಸಿಲನ್ನೂ ಗುಂಡುಸೂಜಿ ಹಾಕಿ ಲಗತ್ತಿಸಿದ್ದರು. ಇದನ್ನು ಓದಿದ ಮೇಲಿನವರು ದಫೇದಾರರ ಮೇಲೆಯೇ ವಿಚಾರಣೆ ಮಾಡಿಸಿದರಂತೆ. ಅದೆಲ್ಲ ತಿಳಿಯಾಗಿ ಫೈಲು ಮದ್ರಾಸು ಮುಟ್ಟುವಾಗ ಒಂದು ಇಡೀ ಮಳೆಗಾಲ ಕಳೆದಿತ್ತು. ತರಬೇತಿಗೆ ಆರಿಸುವ ದಿನ ಯಾವಾಗಲೋ ದಾಟಿತ್ತು.

ನನಗೆ ಅಳು ಬಂತು. ಅತ್ತು ಅಭ್ಯಾಸವಿಲ್ಲದ್ದರಿಂದ ಆಯಾಗೆ ಬೈದೆ. ಅವಳು ಬೈಸಿಕೊಂಡು, ಒಂದು ಲೋಟ ಚಹಾ ತಂದಿಟ್ಟು ಹೋದಳು.

ಮಳೆ ನಿಂತ ಮೇಲೆ ಒಂದು ಕಾಗದ ಬಂತು. ಆ ವಾರ್ಡಿನ ದೊಡ್ಡ ಸರ್ಜನರು ಸ್ವತಃ ಬರೆದದ್ದು. ಈ ವರ್ಷದ ಜಾಗಗಳು ತುಂಬಿವೆ. ಸೊಪ್ಪಿನ ಬಗ್ಗೆ ಹನ್ನೆರಡು ಗಾಯ ಇಟ್ಟುಕೊಂಡು ಏನೂ ಹೇಳಲಾಗದು, ಆದರೆ ಚೌಕ ಎಣಿಸಿದ್ದು ಅಚ್ಚುಕಟ್ಟಾಗಿದೆ. ಬಂದ ಅರ್ಜಿಗಳಲ್ಲಿ ಎಲ್ಲರೂ ತಾವು ವಾಸಿ ಮಾಡಿದ ಗಾಯಗಳನ್ನೇ ಬರೆದಿದ್ದಾರೆ. ಹದಿಮೂರನೇ ಗಾಯವನ್ನು ಕರೆದುಕೊಂಡು ಬನ್ನಿ. ಕಟ್ಟುವುದಕ್ಕೆ ನೀವೂ ಬೇಕು. ಮುಂದಿನ ವರ್ಷದ ಮಾತು ಆಮೇಲೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಆ ಟಿಸಿಲನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಸಿದ್ದೇನೆ ಎಂದಿತ್ತು.

ತಂಗಿಯೂ ನಾನೂ ಮಂಗಳೂರಿನಲ್ಲಿ ರೈಲು ಹತ್ತಿದೆವು. ರೈಲು ಕ್ಯಾಲಿಕಟ್ ದಾಟಿತು. ಆಮೇಲೆ ಹೇಳಿದೆ, ನಿನ್ನ ಕೈ ಹೀಗಾದದ್ದು ನೀರಿನಿಂದ ಅಲ್ಲ, ನಾನು ಕಟ್ಟಿದ ರೀತಿಯಿಂದ ಎಂದು. ತಂಗಿ ಮಡಚಿದ ಕೈಯ ಸಂದಿಯಲ್ಲಿ ಅಮ್ಮ ಕೊಟ್ಟ ಹಪ್ಪಳದ ಡಬ್ಬಿ ಸಿಕ್ಕಿಸಿಕೊಂಡು ತಿನ್ನುತ್ತಿದ್ದಳು. ತಿನ್ನುವುದು ನಿಲ್ಲಿಸಲಿಲ್ಲ.

"ಮಡಚು ಅಂತ ಹೇಳಿದ್ದು ನಾನಲ್ವಾ? ನೀನು ಕೇಳಿದ್ದು, ಅಷ್ಟೆ." ಕಿಟಕಿಯ ಹೊರಗೆ ನೋಡಿದಳು. "ಈ ಸಲ ಹೇಳಿದ್ರೆ ಕೇಳಬೇಡ."

ಮದ್ರಾಸಿನಲ್ಲಿ ಅಂಟಿದ್ದನ್ನು ಬಿಡಿಸಿ, ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಾಕಿದರು. ಎಲ್ಲೂ ಪ್ಲಾಸ್ಟಿಕ್ ಇಲ್ಲ ಎಂದು ತಿಳಿದು ಅವಳಿಗೆ ನಿರಾಸೆಯಾಯಿತು. ಕೈಯನ್ನು ಉದ್ದಕ್ಕೆ ಚಾಚಿ ಹಲಗೆಗೆ ಕಟ್ಟಿದ್ದರು. ಕಸಿ ಹಿಡಿದ ಮೇಲೆ ದಿನವೂ ಬಿಚ್ಚಿ, ತೊಳೆದು, ಪುನಃ ನೇರಕ್ಕೆ ಕಟ್ಟುವ ಕೆಲಸವನ್ನು ಸರ್ಜನರು ಬೇರೆ ಯಾರಿಗೂ ಕೊಡದೆ ನನಗೇ ಕೊಟ್ಟರು. ಮೊದಲನೇ ದಿನ ತಂಗಿ ಹಲ್ಲು ಕಚ್ಚಿಕೊಂಡಳು. ಎರಡನೇ ದಿನ ಬೈಯತೊಡಗಿದಳು. ನನ್ನ ತಂಗಿ ಅಲ್ಲವೇ, ಬಾಯಿಗೆ ಬರ ಇರಲಿಲ್ಲ. ನಾನು ಸುಟ್ಟ ಗೇರುಬೀಜದಿಂದ ಹಿಡಿದು, ಆವರೆಗೆ ಮಾಡಿದ ಎಲ್ಲ ಪಾಪಗಳನ್ನೂ ಅರೆಭಾಷೆಯಲ್ಲಿ ಒಂದೊಂದಾಗಿ ಹೇಳಿದಳು. ಪಕ್ಕದ ಹಾಸಿಗೆಯ ತಮಿಳು ಅಮ್ಮ ಕೈ ಮುಗಿದು, ಇದು ಯಾವ ದೇವರ ಸ್ತೋತ್ರ ಎಂದು ಕೇಳಿದರು. ನಮ್ಮ ಮನೆದೇವರದ್ದು ಎಂದೆ.

ಮೂರನೇ ದಿನ ಬೈಗಳು ನಿಂತಿತು. ಹದಿನೇಳು ವರ್ಷದ ಮುಖ ಹೋಗಿ ಐದು ವರ್ಷದ್ದು ಬಂತು.

"ಸ್ವಲ್ಪ ಮಡಚು ಅಕ್ಕ."

ಅವಳ ಕಣ್ಣು ನೋಡಿದರೆ ಆಗುವುದಿಲ್ಲ ಎಂದು ಹಲಗೆಯನ್ನೇ ನೋಡುತ್ತಾ ಬಟ್ಟೆ ಸುತ್ತಿದೆ, ಮಣಿಗಂಟಿನಿಂದ ಭುಜದ ತನಕ. ಅವಳು ಹೇಳುತ್ತಲೇ ಇದ್ದಳು, ನಾನು ಸುತ್ತುತ್ತಲೇ ಇದ್ದೆ. ಮುಗಿದ ಮೇಲೆ ಗೋಡೆಯ ಆ ಒಣಗಿದ ಟಿಸಿಲಿನ ಕೆಳಗಿನ ಮೇಜಿಗೆ ಹೋಗಿ ಕೂತು, ದಾಖಲೆ ಪುಸ್ತಕ ತೆಗೆದು ಬರೆದೆ. ಹದಿಮೂರನೇ ಗಾಯ. ಹಾಕಿದ್ದು: ಅವಳದೇ ಚರ್ಮ. ಕಟ್ಟಿದವರು: ನಾನು. ಕೈ: ನೇರ.